ಗದ್ದಲದ ಮನೆಯೇ ಬೇಕೆಂದವನು

ಬಾಡಿಗೆ ಮನೆ ನೋಡಲು ಹೋದವರು ನಲ್ಲಿ ತಿರುಗಿಸಿ ನೀರು ನೋಡುತ್ತಾರೆ, ಗೋಡೆಗೆ ಕೈಯಿಟ್ಟು ತೇವ ನೋಡುತ್ತಾರೆ. ನಾನು ಪೆಂಡುರ್ತಿಯ ಆ ಮನೆಯ ನಡುಮನೆಯಲ್ಲಿ ನಿಂತು ಹೊರಗೆ ಲಾರಿ ಬರಲಿ ಎಂದು ಕಾಯುತ್ತಿದ್ದೆ. ಬಂತು. ಕಿಟಕಿಯ ಗಾಜು ಗಡಗಡ ಅಂದಿತು. ಬಾಡಿಗೆಯ ವಿಷಯ ಹೇಳುತ್ತಿದ್ದ ಮನೆಯ ಮಾಲೀಕರು ಮಾತು ನಿಲ್ಲಿಸಿ, ಲಾರಿ ದಾಟಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಿದರು. ನನ್ನ ಹೆಂಡತಿ ಸೆರಗಿನ ತುದಿಯಿಂದ ಒಂದು ಕಿವಿ ಮುಚ್ಚಿಕೊಂಡು ನನ್ನ ಕಡೆ ನೋಡಿದಳು. ಬೇಡ ಎಂದು ಆ ಕಣ್ಣು ಹೇಳುತ್ತಿತ್ತು.

"ಇದೇ ಇರಲಿ" ಎಂದೆ ನಾನು.

ಹೊಸ ಶತಮಾನ ಶುರುವಾಗಿ ಆಗ ಒಂದೆರಡು ವರ್ಷ ಆಗಿತ್ತಷ್ಟೆ. ವಿಶಾಖಪಟ್ಟಣದ ಪಶ್ಚಿಮಕ್ಕೆ ಪೆಂಡುರ್ತಿ ಬೆಳೆಯುತ್ತಿತ್ತು. ಬೆಳೆಯುವ ಊರೆಂದರೆ ಮರಳು, ಜಲ್ಲಿ, ಕಬ್ಬಿಣ ಹೊತ್ತ ಲಾರಿಗಳು. ಅವೆಲ್ಲ ನಮ್ಮ ಬಾಗಿಲ ಮುಂದಿನಿಂದಲೇ ಹೋಗಬೇಕು. ಸಾಲದ್ದಕ್ಕೆ ಮನೆಯ ಎದುರಿಗೇ ಒಂದು ರಸ್ತೆ ಉಬ್ಬು ಹಾಕಿದ್ದರು. ತುಂಬಿದ ಲಾರಿ ಅದನ್ನು ನರಳುತ್ತ ಹತ್ತಿ ಇಳಿಯುತ್ತಿತ್ತು. ಖಾಲಿ ಲಾರಿಯದೇ ಹೆಚ್ಚು ಹಾವಳಿ, ಅದರ ಮೈಯೆಲ್ಲ ಒಮ್ಮೆಲೇ ಎಗರಿ ಬಿದ್ದು ಗುಡುಗಿದಂತಾಗುತ್ತಿತ್ತು. ಇಂಥ ಮನೆಯನ್ನು ಬುದ್ಧಿ ಇದ್ದವರು ಯಾರೂ ಆರಿಸುವುದಿಲ್ಲ. ನಾನು ಆರಿಸಿದ್ದಕ್ಕೆ ಕಾರಣ ಹೆಂಡತಿಗೂ ಗೊತ್ತಿರಲಿಲ್ಲ. ನನಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎಲ್ಲರೂ ಕೂಗಿ ಮಾತಾಡುವ ಮನೆಯಲ್ಲಿ, ಯಾರ ಮಾತೂ ಯಾರಿಗೂ ಪೂರ್ತಿ ಕೇಳದ ಮನೆಯಲ್ಲಿ, ನನ್ನ ಕಿವುಡು ಬಯಲಾಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ.

ನಾನು ಗದಗಿನ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ನೌಕಾಪಡೆ ಸೇರಿದೆ, ಹಡಗಿನ ಇಂಜಿನ್ ಕೋಣೆಯಲ್ಲಿ ನನ್ನ ಹರೆಯವೆಲ್ಲ ಕಳೆಯಿತು. ಕಿವಿ ಮುಚ್ಚಿಕೊಳ್ಳಲು ನಮಗೆ ಗಟ್ಟಿ ಬಟ್ಟಲಿನಂಥ ಸಾಧನ ಕೊಟ್ಟಿದ್ದರು. ಅದನ್ನು ಹಾಕಿಕೊಳ್ಳಿರೆಂದು ಮೇಲಿನವರು ಬೈಯುತ್ತಲೇ ಇದ್ದರು. ನಾವು ಹುಡುಗರು ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡುತ್ತಿದ್ದೆವು. ಸೆಖೆ ಎಂದೊಂದು ನೆಪ. ಹಾಕಿಕೊಂಡವನನ್ನು ಹೆಂಗಸು ಎಂದು ಛೇಡಿಸುವ ಮೂರ್ಖತನವೂ ಇತ್ತು. ತಪ್ಪು ಯಾರದೂ ಅಲ್ಲ, ನಮ್ಮದೇ. ಪಿಂಚಣಿ ತೆಗೆದುಕೊಂಡು ಹೊರಬರುವ ಹೊತ್ತಿಗೆ ದಪ್ಪ ಸದ್ದುಗಳು ಉಳಿದಿದ್ದವು, ಸಣ್ಣ ಸದ್ದುಗಳು ಹೋಗಿದ್ದವು. ಕುಕ್ಕರಿನ ಸೀಟಿ, ಗುಬ್ಬಿಗಳು, ಬಾಗಿಲ ಕರೆಗಂಟೆ. ಮೆಲ್ಲಗೆ ಮಾತಾಡುವ ನನ್ನ ಹೆಂಡತಿಯ ದನಿಯೂ ಅವುಗಳ ಜೊತೆಗೇ ಹೋಯಿತು.

ಹೇಳಿಬಿಟ್ಟರಾಗುತ್ತಿತ್ತು. ಹೇಳಲಿಲ್ಲ. ಪರವಾಡದ ಔಷಧಿ ಕಾರ್ಖಾನೆಯೊಂದರ ಬಾಯ್ಲರ್ ಮನೆಯಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು, ಕಿವುಡನನ್ನು ಇಟ್ಟುಕೊಳ್ಳಲಿಕ್ಕಿಲ್ಲ ಎಂಬ ಭಯ ಒಂದು. ಆದರೆ ಅದು ನಾನು ನನಗೇ ಹೇಳಿಕೊಳ್ಳುತ್ತಿದ್ದ ದೊಡ್ಡಸ್ತಿಕೆಯ ಕಾರಣ. ಇನ್ನೊಂದು ಸಣ್ಣ ಕಾರಣವಿತ್ತು, ಅದೇ ನಿಜವಾದದ್ದು. ನನ್ನ ಹೆಂಡತಿಯ ಸೋದರಮಾವನೊಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ. ಇಡೀ ಬಳಗ ಅವರನ್ನು ಕೆಪ್ಪ ಮಾವ ಎಂದೇ ಕರೆಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಇವಳು ಅವರನ್ನು ಅನುಕರಿಸಿ ತೋರಿಸುತ್ತಿದ್ದಳು. ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಬಾಯಿ ತೆರೆದು, "ಆಂ?" ಎಂದು ಕತ್ತು ಚಾಚುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ಕತ್ತು, ಆ "ಆಂ?" ಇವಳ ಕಣ್ಣೆದುರು ನನ್ನದಾಗಬಾರದು ಎಂಬುದೊಂದೇ ನನ್ನ ಹಟ.

ಹೀಗೆ ನಾವು ರಸ್ತೆಯ ಮೇಲಿನ ಸಂಸಾರ ಶುರು ಮಾಡಿದೆವು.

ನನಗೆ ನಿದ್ದೆ ಹಾಸಿಗೆ ಮುಟ್ಟಿದ ಕೂಡಲೇ ಬರುತ್ತಿತ್ತು. ಅವಳಿಗೆ ಬರುತ್ತಿರಲಿಲ್ಲ. ಬೆಳಿಗ್ಗೆ ಕೆಂಪು ಕಣ್ಣಿನಿಂದ ಚಹಾ ಕೊಡುತ್ತ ಕೇಳುತ್ತಿದ್ದಳು:

"ಅಲ್ರೀ, ನಿಮಗ ಹೆಂಗ ನಿದ್ದಿ ಬರ್ತೈತಿ? ತಲಿ ಮ್ಯಾಲೇ ಲಾರಿ ಹೋದಂಗ ಆಗ್ತೈತಿ ನನಗ."

"ಹಡಗಿನಾಗ ಇಂಜಿನ್ ಮ್ಯಾಲ ಮಲಗಿ ರೂಢಿ" ಎನ್ನುತ್ತಿದ್ದೆ. ಸುಳ್ಳಲ್ಲ, ನಿಜವೂ ಅಲ್ಲ.

ಆದರೆ ಅವಳು ಅಳುತ್ತ ಕೂರುವವಳಲ್ಲ. ಆ ರಸ್ತೆಯ ಜೊತೆ ಅವಳು ಹೂಡಿದ ಹೋರಾಟವನ್ನು ನೆನೆದರೆ ಇವತ್ತಿಗೂ ನನಗೆ ಹೆಮ್ಮೆ. ಮೊದಲು ಮಂಚಗಳನ್ನು ಮುಂದಿನ ಕೋಣೆಯಿಂದ ಹಿಂದಿನ ಉಗ್ರಾಣಕ್ಕೆ ಸಾಗಿಸಿದಳು, ಉಗ್ರಾಣದ ಡಬ್ಬಿಗಳು ಮುಂದಿನ ಕೋಣೆಗೆ ಬಂದವು. ಬಂದ ನೆಂಟರು ಬೇಳೆಕಾಳಿನ ಡಬ್ಬಿಗಳ ನಡುವೆ ಕುರ್ಚಿ ಹಾಕಿಕೊಂಡು ಕೂರಬೇಕು. ಬಟ್ಟೆ ತುಂಬಿದ ಕಪಾಟನ್ನು ರಸ್ತೆಯ ಕಡೆಯ ಗೋಡೆಗೆ ಒತ್ತಿ ನಿಲ್ಲಿಸಿದಳು. ಹಳೆಯ ಸೈಕಲ್ ಟ್ಯೂಬು ತಂದು, ಉದ್ದಕ್ಕೆ ಕತ್ತರಿಸಿ, ಬಾಗಿಲ ಸಂದಿಗಳಿಗೆಲ್ಲ ಮೊಳೆ ಹೊಡೆದಳು. ಬಾಗಿಲು ಹಾಕುವಾಗ ಅದು ಮುತ್ತಿಟ್ಟ ಹಾಗೆ ಸದ್ದು ಮಾಡುತ್ತದೆಂದು ಹೈಸ್ಕೂಲು ಓದುತ್ತಿದ್ದ ನಮ್ಮ ಮಗಳು ನಗುತ್ತಿದ್ದಳು. ನನಗೆ ಕೇಳದಿದ್ದರೂ ನಾನೂ ನಗುತ್ತಿದ್ದೆ.

ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಕೌದಿ. ನಮ್ಮ ಕಡೆ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ದಪ್ಪ ಹೊದಿಕೆ. ಇವಳು ನನ್ನ ಹಳೆಯ ನೌಕಾಪಡೆಯ ಬಿಳಿ ಸಮವಸ್ತ್ರಗಳನ್ನೂ ನೀಲಿ ಕೆಲಸದ ಬಟ್ಟೆಗಳನ್ನೂ ಬಿಚ್ಚಿ ಕತ್ತರಿಸಿ ಒಂದು ಕೌದಿ ಹೊಲಿದಳು. ಮಧ್ಯಾಹ್ನಗಳಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ, ಎಷ್ಟೋ ದಿನ ಹೊಲಿದಳು. ಅದನ್ನು ಹೊದೆಯಲಿಲ್ಲ. ರಸ್ತೆಯ ಕಡೆಯ ಕಿಟಕಿಗೆ ಪರದೆಯಾಗಿ ತೂಗುಹಾಕಿದಳು. "ದೇಶ ಕಾದ ಅರಿವಿ. ಒಂದು ಕಿಡಕಿ ಕಾಯಲಿ" ಎಂದಳು. ಹಗಲಿಡೀ ಕಿಟಕಿ ಮುಚ್ಚಿಟ್ಟರೆ ವಿಶಾಖಪಟ್ಟಣದ ಸೆಖೆಯಲ್ಲಿ ಮನುಷ್ಯ ಬೇಯುತ್ತಾನೆ, ಆದ್ದರಿಂದ ಮಧ್ಯಾಹ್ನ ಊಟದ ನಂತರ ಲಾರಿಗಳು ಕಡಿಮೆಯಾದಾಗ ಕೌದಿ ಮೇಲೆತ್ತಿ ಕಟ್ಟುವುದು, ಸಂಜೆಯ ಬಸ್ಸುಗಳು ಶುರುವಾಗುವ ಮುಂಚೆ ಬಿಡುವುದು.

ಕ್ರಮೇಣ ಮನೆಯ ಎಲ್ಲ ಕೆಲಸಗಳೂ ರಸ್ತೆಯ ವೇಳೆಗೆ ಹೊಂದಿಕೊಂಡವು. ದೇವರ ಗಂಟೆ ಮೊದಲ ಸಿಟಿ ಬಸ್ಸಿಗೆ ಮುಂಚೆ. ಮಿಕ್ಸಿ, ಹೇಗೂ ಗದ್ದಲವೇ ಆದ್ದರಿಂದ, ಪರವಾಡದ ಕಂಪನಿ ಬಸ್ಸುಗಳು ಸಾಲಾಗಿ ಹೋಗುವ ಹೊತ್ತಿಗೆ. ತವರಿಗೆ ಫೋನು ಭಾನುವಾರ ಬೆಳಗಿನ ಜಾವ. ಮಾತಾಡುವುದಕ್ಕೂ ಒಂದು ರೀತಿ ಬೆಳೆಯಿತು. ಲಾರಿ ಬಂದರೆ ಮಾತು ಅಲ್ಲೇ ನಿಲ್ಲಿಸುವುದು, ಕೈಯಲ್ಲಿದ್ದ ಸೌಟು ಕೂಡ ಅಲ್ಲೇ, ಲಾರಿ ದಾಟಿದ ಮೇಲೆ ಮುಂದಿನ ಪದದಿಂದ ಶುರು. ಮೊದಲ ಸಲ ಮನೆಗೆ ಬಂದವರಿಗೆ ನಮಗೇನೋ ಆಯಿತೆಂದು ಗಾಬರಿಯಾಗುತ್ತಿತ್ತು. ಮಗಳು ನರ್ಸಿಂಗ್ ಓದಲು ಹಾಸ್ಟೆಲ್ಲಿಗೆ ಹೋದಾಗ ಅಲ್ಲಿಯೂ ಮಾತಿನ ನಡುವೆ ಹೀಗೆ ನಿಂತುಬಿಡುತ್ತಿದ್ದಳಂತೆ. ಗೆಳತಿಯರು ಅವಳಿಗೆ ರೆಡ್ ಸಿಗ್ನಲ್ ಎಂದು ಹೆಸರಿಟ್ಟಿದ್ದರು.

ಈ ಏರ್ಪಾಡುಗಳಲ್ಲೆಲ್ಲ ನಾನು ಆರಾಮವಾಗಿ ಅಡಗಿಕೊಂಡಿದ್ದೆ. ಅವಳು ಕರೆದದ್ದು ಕೇಳದಿದ್ದರೆ ಲಾರಿ. ಫೋನು ಬಂದರೆ "ಗದ್ದಲದಾಗ ಏನೂ ತಿಳಿಯಂಗಿಲ್ಲ, ನೀನೇ ಮಾತಾಡು". ಟೀವಿ ಜೋರಾಗಿಟ್ಟರೆ ಬಸ್ಸು. ತುಟಿ ನೋಡಿ ಮಾತು ಹಿಡಿಯುವುದು ಇಂಜಿನ್ ಕೋಣೆಯಲ್ಲಿ ಎಲ್ಲರೂ ಕಲಿಯುವ ವಿದ್ಯೆ. ಅವಳ ಎದುರಿಗೆ ಕೂತಾಗ ನಾನು ಒಂದು ಪದವನ್ನೂ ಬಿಡುತ್ತಿರಲಿಲ್ಲ. ಬಾಯ್ಲರ್ ಮನೆಯಲ್ಲಿಯೂ ಅಷ್ಟೆ. ಅಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ, ಎಲ್ಲ ಕೈಸನ್ನೆ. ಪಂಪು ನಡೆಯುತ್ತಿದೆಯೋ ಇಲ್ಲವೋ ಎಂದು ನಾನು ಕಿವಿಯಿಂದ ಕೇಳುತ್ತಿರಲಿಲ್ಲ, ಪೈಪಿನ ಮೇಲೆ ಅಂಗೈ ಇಟ್ಟು ತಿಳಿಯುತ್ತಿದ್ದೆ.

ಅವಳ ದನಿ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಮೆಲ್ಲನೆಯ ಮಾತಿನವಳು ಎಂದು ಹೆಸರಾಗಿದ್ದವಳು. ಹೆಣ್ಣು ನೋಡಲು ಹೋದಾಗ ಅವಳು ಹೇಳಿದ ತನ್ನ ಹೆಸರು ನನಗೆ ಕೇಳಿಸದೆ, ಕಿವಿ ಚೆನ್ನಾಗಿದ್ದ ಆ ಕಾಲದಲ್ಲಿಯೂ, ಮತ್ತೊಮ್ಮೆ ಕೇಳಬೇಕಾಗಿತ್ತು. ಅವಳೀಗ ಅಡಿಗೆಮನೆಯಿಂದ ಕರೆದರೆ ಎದುರಿನ ಟೈರು ಅಂಗಡಿಯವನು ತಿರುಗಿ ನೋಡುತ್ತಿದ್ದ. ಅದಕ್ಕೆ ರಸ್ತೆಯೇ ಕಾರಣವೆಂದು ಅವಳು ತಿಳಿದಿದ್ದಳು. ನಾನು ತಿದ್ದಲಿಲ್ಲ.

ಮಗಳು ಓದು ಮುಗಿಸಿ ವಿಜಯವಾಡದ ಆಸ್ಪತ್ರೆಯೊಂದರಲ್ಲಿ ನರ್ಸ್ ಆದಳು. ಅಲ್ಲೇ ಪಕ್ಕದ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ತೆಲುಗು ಹುಡುಗನನ್ನು ನಮ್ಮೆಲ್ಲರ ಒಪ್ಪಿಗೆಯಿಂದಲೇ ಮದುವೆಯಾದಳು. ಒಳ್ಳೆಯ ಹುಡುಗ. ಅವನ ಮೀಸೆ ದಪ್ಪ, ತುಟಿ ಕಾಣುವುದಿಲ್ಲ, ಅದೊಂದೇ ನನಗೆ ಅವನ ಮೇಲಿದ್ದ ದೂರು. ಮಗಳು ಬಸುರಿಯಾದ ಸುದ್ದಿ ಬಂದ ದಿನ ನನ್ನ ಹೆಂಡತಿ ಕಿಟಕಿಯ ಕೌದಿಯನ್ನು ಒಗೆದು ಒಣಹಾಕಿದಳು. ಅದಕ್ಕೂ ಇದಕ್ಕೂ ಏನು ಸಂಬಂಧವೋ, ಸಂತೋಷವಾದರೆ ಏನಾದರೊಂದು ಒಗೆಯುವುದು ಅವಳ ಸ್ವಭಾವ.

ಮೊದಲ ಬಾಣಂತನ ತವರಿನದು. ಅವರಲ್ಲಿಯೂ ಹಾಗೇ, ನಮ್ಮಲ್ಲಿಯೂ ಹಾಗೇ. ನನ್ನ ಹೆಂಡತಿ ತನ್ನ ತಾಯಿ ತನಗೆ ಮಾಡಿದ ಬಾಣಂತನವನ್ನು ಇಪ್ಪತ್ತು ವರ್ಷವಾದರೂ ಬಾಯಿತುಂಬ ಹೇಳುತ್ತಿದ್ದಳು. ಅದನ್ನು ತನ್ನ ಮಗಳಿಗೆ ತನ್ನ ಮನೆಯಲ್ಲಿ ಮಾಡಬೇಕೆಂಬುದು ಅವಳ ಬದುಕಿನ ದೊಡ್ಡ ಆಸೆ. ಆಗ ಹುಟ್ಟಿತು ಒಳಗಿನ ಮನೆಯ ಮಾತು. ನಮ್ಮ ಬೀದಿಯ ಹಿಂದೆ, ಎರಡು ತಿರುವು ದಾಟಿದರೆ, ಮಾಲೀಕರ ತಂಗಿಯದೇ ಮನೆಯೊಂದು ಖಾಲಿ ಬಿದ್ದಿತ್ತು. ಹಿತ್ತಲಲ್ಲಿ ಬಾವಿ, ಮುಂದೆ ಒಂದು ಬಾದಾಮಿ ಮರ, ಸ್ಕೂಟರು ಬಂದರೆ ನಾಯಿ ಎದ್ದು ನೋಡುವಷ್ಟು ಸದ್ದಿಲ್ಲದ ಓಣಿ.

"ನಾ ಎಂದೂ ಏನೂ ಕೇಳಿಲ್ಲ ನಿಮಗ" ಎಂದಳು ಎದುರಿಗೆ ಕೂತು. "ಈ ಮನ್ಯಾಗ ಎಂಟು ವರ್ಷ ಬಾಳೇವು ಮಾಡೀನಿ. ಈಗ ಕೂಸು ಬರಾಕತ್ತೈತಿ. ಆ ಮನಿಗೆ ಹೋಗೂಣ್ರಿ. ಬಾಡಿಗಿ ಸುದ್ದಾ ಅಷ್ಟ."

"ಕಂಪನಿ ಬಸ್ಸು ಬಾಗಿಲಿಗೇ ಬರ್ತೈತಿ ಇಲ್ಲಿ."

"ಎರಡು ತಿರುವು ನಡದ್ರ ಕಾಲು ಸವೀತಾವೇನು?"

"ಬಾವಿ ಮನಿ. ಹಾವು ಹುಳ ಇರ್ತಾವು."

"ಲಾರಿಗಿಂತ ಹಾವು ಪಾಡ. ಹಾರ್ನ್ ಹೊಡ್ಯಂಗಿಲ್ಲ."

ನಾನು ನಕ್ಕು ಎದ್ದುಹೋದೆ. ಮುಂದಿನ ವಾರ ಇನ್ನೊಂದು ನೆಪ, ಅದರ ಮುಂದಿನ ವಾರ ಮತ್ತೊಂದು. ಆ ಸದ್ದಿಲ್ಲದ ಓಣಿಯಲ್ಲಿ ಅವಳು ಹಿತ್ತಲಿಂದ ಕರೆಯುತ್ತಾಳೆ, ನಾನು ಕೇಳದೆ ಕೂತಿರುತ್ತೇನೆ, ಹೊಣೆ ಹೊರಿಸಲು ಒಂದು ಲಾರಿಯೂ ಇರುವುದಿಲ್ಲ. ನನ್ನ ಕಣ್ಣಿಗೆ ಕಾಣುತ್ತಿದ್ದುದು ಅಷ್ಟೇ.

ಏಳನೆಯ ತಿಂಗಳಲ್ಲಿ ಮಗಳು ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಂದು ನಾಲ್ಕು ದಿನ ಇದ್ದಳು. ಹಸಿರು ಸೀರೆ, ಹಸಿರು ಬಳೆ, ಓಣಿಯ ಹೆಂಗಸರೆಲ್ಲ ಬಂದು ಹಾಡಿದರು, ಪ್ರತಿ ಹಾಡಿನಲ್ಲೂ ಎರಡು ಮೂರು ಸಲ ಲಾರಿಗೆ ದಾರಿ ಬಿಟ್ಟರು. ಆದರೆ ಮಗಳಿಗೆ ನಿದ್ದೆ ಬರಲಿಲ್ಲ, ಕಾಲು ಊದಿಕೊಂಡವು. ಚಿಕ್ಕವಳಿದ್ದಾಗ ರೂಢಿಯಾಗಿದ್ದ ಗದ್ದಲ ಈಗ ತಲೆಗೆ ಹೊಡೆಯುತ್ತಿತ್ತು. ಅವಳು ಹೋದ ಮೇಲೆ ಬೀಗಿತ್ತಿಯ ಫೋನು ಬಂತು. ಯಾವಾಗಿನಂತೆ ನಾನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಕೇಳುತ್ತ ಕೇಳುತ್ತ ಗೋಡೆಗೆ ಒರಗಿದಳು. "ಅಲಾಗೇನಂಡಿ... ಸರೇನಂಡಿ..." ಎಂದು ತೆಲುಗಿನಲ್ಲಿ ಒಪ್ಪಿಕೊಳ್ಳುತ್ತಿದ್ದಳು. ಫೋನು ಇಟ್ಟು ನನ್ನೆದುರು ಬಂದು ನಿಂತಳು.

"ಆ ಗದ್ದಲದಾಗ ಹಸೀ ಕೂಸು ಹೆಂಗ ಇರ್ತೈತಿ, ಇಲ್ಲೇ ಹೆರಿಗಿ ಆಗ್ಲಿ, ನೀವೇ ಬರ್ರಿ ಅಂದ್ರು. ಪಾಪ, ಭಾಳ ಮರ್ಯಾದಿಲೇ ಹೇಳಿದ್ರು."

ಅವಳು ಅಳಲಿಲ್ಲ. ಕೂಡಿಟ್ಟಿದ್ದ ಮೆತ್ತನೆಯ ಹಳೆ ಸೀರೆಗಳನ್ನೂ, ಅಜವಾನ, ಒಣಶುಂಠಿ, ಅಂಟು, ಕೊಬ್ಬರಿಯ ಗಂಟುಗಳನ್ನೂ, ಕೂಸಿಗೆ ಹೊಗೆ ಹಾಕುವ ಮಣ್ಣಿನ ಅಗ್ಗಿಷ್ಟಿಕೆಯನ್ನೂ ನನ್ನ ನೌಕಾಪಡೆಯ ಕಪ್ಪು ಟ್ರಂಕಿಗೆ ತುಂಬಿದಳು. ತವರುಮನೆಯನ್ನೇ ಟ್ರಂಕಿನಲ್ಲಿ ಹಾಕಿಕೊಂಡು ವಿಜಯವಾಡದ ರೈಲು ಹತ್ತಿದಳು. ನಾನು ಕೂಡಿಟ್ಟಿದ್ದ ರಜೆಯನ್ನೆಲ್ಲ ಹಾಕಿ ಹಿಂದೆ ಹೋದೆ. ಬೀಗಿತ್ತಿಯ ಮುಂದೆ ಅವಳು ಮೊದಲ ಮಾತೇ ಕ್ಷಮೆಯ ಮಾತಾಗಿ ಆಡಿದ್ದು ನನಗೆ ಕೇಳಲಿಲ್ಲ, ತುಟಿಯಿಂದ ಕಂಡಿತು.

ಮಗಳ ಮನೆ ಇಬ್ರಾಹಿಂಪಟ್ನಂನ ಒಳಓಣಿಯಲ್ಲಿ. ಮಾಳಿಗೆಯಿಂದ ಸ್ಥಾವರದ ಹೊಗೆಕೊಳವೆಗಳು ಕಾಣುತ್ತವೆ, ಒಣಹಾಕಿದ ಬಟ್ಟೆಯ ಮೇಲೆ ಸಣ್ಣ ಬೂದಿ ಕೂರುತ್ತದೆ. ಆದರೆ ಹೆದ್ದಾರಿ ದೂರ. ಮಧ್ಯಾಹ್ನದಲ್ಲಿ ಆ ಓಣಿ ನೀರಿನ ಕೊಡದಂತೆ ನಿಶ್ಚಲ. ಮೊದಲ ದಿನಗಳಲ್ಲಿ ನಾವಿಬ್ಬರೂ ಅಲ್ಲಿ ಪೆಂಡುರ್ತಿಯವರೇ. ಬಾರದ ಲಾರಿಗೆ ನಾವು ಮಾತು ನಿಲ್ಲಿಸುತ್ತಿದ್ದೆವು. ಇವಳು "ಏನ್ರೀ, ಬಿಸಿನೀರು ಕಾದೈತಿ!" ಎಂದು ಹಿತ್ತಲಿಂದ ಕೂಗಿದರೆ ಮೇಲಿನ ಮನೆಯ ಹೆಂಗಸು ಮೆಟ್ಟಿಲಿಳಿದು ಓಡಿಬಂದಳು.

"ಏಮೈಂದಂಡಿ ಪಿನ್ನಿಗಾರೂ? ಗೊಡವಾ?"

ಏನಾಯಿತು ಚಿಕ್ಕಮ್ಮಾ, ಜಗಳವೇ ಎಂದು ಕೇಳುತ್ತಿದ್ದಳು. ಇವಳು ಕೆಂಪಾದಳು. ಹೆರಿಗೆಯಾದ ಮೇಲೆ ಒಂದು ದಿನ ಬೀಗಿತ್ತಿ ತುಟಿಯ ಮೇಲೆ ಬೆರಳಿಟ್ಟು, ಕೂಸು ಮಲಗಿದೆ ಎಂದು ನಗುತ್ತಲೇ ಸನ್ನೆ ಮಾಡಿದರು. ಅವತ್ತಿನಿಂದ ಇವಳು ಮಾತಾಡುವುದನ್ನೇ ಕಡಿಮೆ ಮಾಡಿದಳು. ಮಾತಾಡಿದರೂ ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ. ಆಗ ನನಗೆ ಏನೂ ಸಿಗದಾಯಿತು, ತುಟಿಯೂ ಇಲ್ಲ, ದನಿಯೂ ಇಲ್ಲ.

ಮೊಮ್ಮಗಳು ಹುಟ್ಟಿ ಎರಡು ವಾರವಾಗಿತ್ತು. ಬೀಗಿತ್ತಿ ದೇವಸ್ಥಾನಕ್ಕೆ ಹೋಗಿದ್ದರು, ಅಳಿಯ ಕೆಲಸಕ್ಕೆ. ಹೆಂಡತಿ ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಲು ಬಚ್ಚಲಿಗೆ ಕರೆದುಕೊಂಡು ಹೋಗುವಾಗ, "ಕೂಸು ನೋಡ್ಕೋರಿ" ಎಂದು ತೊಟ್ಟಿಲು ತೋರಿಸಿದಳು. ನಾನು ತೊಟ್ಟಿಲ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡೆ. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದೆ. ಮಲಗಿತ್ತು. ಬೆಳಕಿಗೆಂದು ಕಿಟಕಿಯ ಕಡೆ ತಿರುಗಿ ಪೇಪರು ಬಿಚ್ಚಿದೆ. ಅಷ್ಟೇ ನಾನು ಮಾಡಿದ್ದು.

ನನ್ನ ಭುಜಕ್ಕೆ ಯಾರದೋ ಒದ್ದೆ ಕೈ ಬಿತ್ತು. ತಿರುಗಿದರೆ ಹೆಂಡತಿ, ಮೈಯೆಲ್ಲ ನೀರು, ಹಿಂದೆ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡ ಮಗಳು. ತೊಟ್ಟಿಲಲ್ಲಿ ಕೂಸು ಕೆಂಪು ಮೆಣಸಿನಕಾಯಿಯಾಗಿತ್ತು, ಬಾಯಿ ಪೂರ್ತಿ ತೆರೆದಿತ್ತು, ಕೈಕಾಲು ನಡುಗುತ್ತಿದ್ದವು. ಯಾವಾಗಿನಿಂದ ಅಳುತ್ತಿತ್ತೋ. ಬಚ್ಚಲಿಗೆ ಕೇಳಿದ್ದು ಒಂದು ಮೊಳ ದೂರದ ನನಗೆ ಕೇಳಿರಲಿಲ್ಲ.

ಹೆಂಡತಿ ಕೂಸನ್ನೆತ್ತಿ ಎದೆಗೆ ಹಾಕಿಕೊಂಡಳು. ಮಗಳು ನನ್ನ ಹಿಂದೆ ಹೋದಳು. ನಾನು ತೊಟ್ಟಿಲನ್ನೇ ನೋಡುತ್ತ ನಿಂತಿದ್ದೆ. ಹೆಂಡತಿಯ ಮುಖ ಬಿಳಿಚಿದ್ದು ಕಂಡು ತಿರುಗಿದೆ. ಮಗಳು ನನ್ನ ಬೆನ್ನ ಹಿಂದೆ ಎರಡೂ ಕೈ ಜೋಡಿಸಿಕೊಂಡು ನಿಂತಿದ್ದಳು, ಚಪ್ಪಾಳೆ ಹೊಡೆದ ಕೈಗಳು.

"ಎನ್ನಿ ಏಳ್ಳು ಅಪ್ಪಾ?" ಎಂದಳು. ಗಾಬರಿಯಾದರೆ ಅವಳಿಗೆ ತೆಲುಗೇ ಬರುತ್ತದೆ. ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿದಳು. "ಎಷ್ಟು ವರ್ಷ ಆತು? ಅಮ್ಮಗೂ ಹೇಳಿಲ್ಲ?"

ಸುಳ್ಳು ಹೇಳಲು ಬಾಯಿ ತೆರೆದೆ. ಓಣಿಯ ಕಡೆ ನೋಡಿದೆ. ಒಂದು ಲಾರಿಯೂ ಇರಲಿಲ್ಲ.

ಎರಡು ದಿನ ಹೆಂಡತಿ ನನ್ನ ಹತ್ತಿರ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ಹಿತ್ತಲಲ್ಲಿ ತಂತಿಯ ಮೇಲಿನ ಬೂದಿ ಒರೆಸಿ ಕೂಸಿನ ಬಟ್ಟೆ ಹರವುತ್ತಿದ್ದಾಗ ನಾನೇ ಹೋಗಿ ಎಲ್ಲ ಹೇಳಿದೆ. ಮನೆ ನೋಡಲು ಹೋದ ದಿನ ಲಾರಿಗಾಗಿ ಕಾದದ್ದು, ಬಾಯ್ಲರ್ ಕೆಲಸ, ಕೆಪ್ಪ ಮಾವ, ಎಲ್ಲ. ಅವಳು ಬಟ್ಟೆ ಹರವುತ್ತಲೇ ಇದ್ದಳು. ಕೊನೆಗೆ ನನ್ನ ಎದುರಿಗೆ ಬಂದು, ತುಟಿ ಕಾಣುವ ಹಾಗೆ ನಿಂತು, ಮೆಲ್ಲಗೆ ಮಾತಾಡಿದಳು.

"ನನ್ನ ಮಾತು ನಿಮಗ ಬ್ಯಾಸರಾಗೇತಿ ಅಂತ ತಿಳ್ಕೊಂಡಿದ್ದೆ ನಾನು. ಕೇಳಿದ್ರೂ ಕೇಳದವರಂಗ ಕುಂಡ್ರತಾರ ಅಂತ. ಅದಕ್ಕ ಇನ್ನಷ್ಟು ಒದರತಿದ್ದೆ."

"ತಪ್ಪಾತು."

"ಮಾವನ್ನ ಆಡಿಕೊಂಡೆ, ಖರೆ. ಹದಿನೆಂಟು ವರ್ಷದ ಹುಡುಗಿ, ಬುದ್ಧಿ ಇರಲಿಲ್ಲ. ನೀವೂ ನಕ್ಕಿದ್ರಿ."

"ನಕ್ಕಿದ್ದೆ."

"ಕಿವಿ ಹೋದ್ರ ಹೋಗ್ಲಿ, ಯಾರ ಕಿವಿ ಹೋಗಂಗಿಲ್ಲ? ಆದ್ರ ನನ್ನ ಬಾಣಂತನ ಹೋತಲ್ರೀ. ಚೊಚ್ಚಲ ಬಾಣಂತನ. ಅದನ್ನ ಎಲ್ಲಿಂದ ತಂದು ಕೊಡ್ತೀರಿ?"

ನಾನು ಬುಟ್ಟಿಯಿಂದ ಒಂದೊಂದೇ ಬಟ್ಟೆ ಹಿಂಡಿ ಅವಳ ಕೈಗೆ ಕೊಡತೊಡಗಿದೆ. ಅವಳು ತೆಗೆದುಕೊಂಡಳು.

ಮಗಳು ತನ್ನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ನನಗೊಂದು ಕಿವಿಯಂತ್ರ ಕೊಡಿಸಿದಳು. ಆ ಸದ್ದಿಲ್ಲದ ಓಣಿಯಲ್ಲಿ ಅದು ಸುಖವಾಗಿತ್ತು. ಕೂಸು ಸೀನಿದ್ದು ಕೇಳಿ ನಾನು ಬೆಚ್ಚಿಬಿದ್ದೆ, ಎಲ್ಲರೂ ನಕ್ಕರು. ಬಾಣಂತನ ಮುಗಿದು ಪೆಂಡುರ್ತಿಗೆ ಮರಳಿದ ದಿನ ಅದನ್ನು ಕಿವಿಗಿಟ್ಟುಕೊಂಡೇ ಮನೆಯ ಬೀಗ ತೆಗೆದೆ. ಹೆಂಡತಿ ಅಡಿಗೆಮನೆಗೆ ಹೋದಳು. ನಾನು ನಡುಮನೆಯಲ್ಲಿ, ಮೊದಲ ಸಲ ಎಲ್ಲಿ ನಿಂತಿದ್ದೆನೋ ಅಲ್ಲೇ ನಿಂತೆ.

ಲಾರಿ ಬಂತು. ಖಾಲಿ ಲಾರಿ. ಅದು ಉಬ್ಬಿನ ಮೇಲೆ ಎಗರಿ ಬಿದ್ದದ್ದು ನನ್ನ ತಲೆಯೊಳಗೇ ಬಿತ್ತು. ಅದರ ಹಿಂದೆ ಬಸ್ಸಿನ ಹಾರ್ನು, ಅದು ದಪ್ಪ ಸದ್ದೆಂದು ನಾನು ತಿಳಿದಿದ್ದೆ, ಅದಕ್ಕೊಂದು ಸೂಜಿಯಂಥ ತುದಿಯಿದೆ. ಗಾಡಿಯಿಂದ ಜೋತುಬಿದ್ದ ಕಬ್ಬಿಣದ ಸರಳುಗಳು ರಸ್ತೆಯುದ್ದಕ್ಕೂ ಕಿರುಚುತ್ತ ಹೋದವು. ನಾನು ಕಿವಿಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡೆ. ಎಲ್ಲ ಮೆತ್ತಗಾಯಿತು. ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಕಿತ್ತು ಜೇಬಿಗೆ ಹಾಕಿಕೊಂಡ ಗದ್ದಲವನ್ನು ಅವಳು ಎಂಟು ವರ್ಷ ಎಲ್ಲಿ ಹಾಕಿಕೊಳ್ಳಬೇಕಿತ್ತು? ಬಿಳಿ ನೀಲಿ ಕೌದಿ ಕಿಟಕಿಯಲ್ಲಿ ತೂಗುತ್ತಿತ್ತು. ಅವಳು ಸ್ಟವ್ ಹಚ್ಚಿ ಚಹಾಕ್ಕೆ ಇಟ್ಟಳು.

ಮರುದಿನವೇ ಮಾಲೀಕರ ತಂಗಿಯ ಮನೆಗೆ ಓಡಿದೆ. ಬಾದಾಮಿ ಮರದ ಕೆಳಗೆ ಬೇರೆ ಯಾರದೋ ಸ್ಕೂಟರು ನಿಂತಿತ್ತು. ಅವರು ಮನೆ ಬಿಡುವವರೆಗೆ ಕಾದೆವು. ಬಾಯ್ಲರ್ ಮನೆಯ ಮೇಲ್ವಿಚಾರಕರಿಗೂ ನಿಜ ಹೇಳಿದೆ. ಅವರು ಬೈದರು, ಆಮೇಲೆ ನನ್ನನ್ನು ಕಲ್ಲಿದ್ದಲಿನ ಅಂಗಳಕ್ಕೆ ಹಾಕಿದರು. ಎಂಟು ವರ್ಷ ಹೆದರಿದ್ದು ಅಷ್ಟಕ್ಕೇ.

ಕಾಯುವ ಆ ದಿನಗಳಲ್ಲಿ ನಾನು ಹೆಂಡತಿಗೆ ಇಂಜಿನ್ ಕೋಣೆಯ ಕೈಸನ್ನೆಗಳನ್ನು ಕಲಿಸಿದೆ. ಎಷ್ಟೋ ಹುಡುಗರಿಗೆ ಕಲಿಸಿದ್ದನ್ನು, ಎಂಥ ಗದ್ದಲದಲ್ಲೂ ಗಂಟಲು ನೋಯದೆ ಮಾತಾಡುವ ವಿದ್ಯೆಯನ್ನು, ಅದೇ ಗದ್ದಲದಲ್ಲಿ ನನ್ನೊಡನೆ ಇದ್ದವಳಿಗೆ ನಾನು ಕಲಿಸಿರಲಿಲ್ಲ. ಕಲಿಸಿದರೆ ಯಾಕೆ ಎಂದು ಕೇಳುತ್ತಾಳಲ್ಲ. ಅವಳು ಒಂದು ವಾರದಲ್ಲಿ ಕಲಿತು, ಹಡಗಿನಲ್ಲಿ ಇಲ್ಲದ ಹೊಸ ಸನ್ನೆಗಳನ್ನೂ ಹುಟ್ಟಿಸಿದಳು. ಮೂಗಿಗೆ ಬೆರಳು ಒತ್ತಿದರೆ "ಆ ಅಂಗಿ ಒಗೆಯಲು ಹಾಕ್ರಿ." ಕೈಯನ್ನು ಕಿವಿಯ ಹಿಂದೆ ಇಟ್ಟು ಕತ್ತು ಚಾಚಿದರೆ "ಯಂತ್ರ ಹಾಕ್ಕೊಳ್ರಿ." ಮೊದಲ ಸಲ ಅದನ್ನು ಮಾಡಿ ನನ್ನ ಮುಖವನ್ನು ಅಂಜುತ್ತ ನೋಡಿದಳು. ನಾನು ನಕ್ಕೆ. ಅವಳೂ ನಕ್ಕಳು. ಅವಳ ದನಿ ನಿಧಾನವಾಗಿ ಇಳಿಯಿತು. ಪೂರ್ತಿ ಮೊದಲಿನಂತಾಗಲಿಲ್ಲ, ಆಗಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ಮಗಳು ಎರಡನೆಯ ಸಲ ಬಸುರಿಯಾಗುವ ಹೊತ್ತಿಗೆ ನಾವು ಬಾದಾಮಿ ಮರದ ಮನೆಯಲ್ಲಿದ್ದೆವು. ಎರಡನೆಯದನ್ನು ತವರಿನಲ್ಲಿ ಮಾಡಲೇಬೇಕೆಂಬ ಪದ್ಧತಿ ಎರಡೂ ಕಡೆ ಇಲ್ಲ. ಈ ಸಲ ಬೀಗಿತ್ತಿಗೆ ಫೋನು ನಾನೇ ಮಾಡಿದೆ. ಕಿವಿಯಂತ್ರ ಹಾಕಿಕೊಂಡು, ನನ್ನ ಹರಕು ತೆಲುಗಿನಲ್ಲಿ, ಕಳಿಸಿಕೊಡಿ ಎಂದು ಬೇಡಿಕೊಂಡೆ. ಮೊದಲ ಸಲದ ತಪ್ಪು ರಸ್ತೆಯದಲ್ಲ, ನಮ್ಮವಳದಂತೂ ಅಲ್ಲ, ನನ್ನದು ಎಂದೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಯಂತ್ರ ಕೆಟ್ಟಿತೋ ಎಂದು ನಾನು ಅದನ್ನು ತಟ್ಟುತ್ತಿರುವಾಗಲೇ, "ಪಂಪಿಸ್ತಾಮು ಅನ್ನಯ್ಯಗಾರೂ" ಎಂದರು, ಕಳಿಸುತ್ತೇವೆ ಅಣ್ಣಯ್ಯನವರೇ. ಕಪ್ಪು ಟ್ರಂಕನ್ನು ಅಟ್ಟದಿಂದ ನಾನೇ ಇಳಿಸಿದೆ.

ಹೆರಿಗೆಯಾಗಿ ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ನಾನು ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆ, ಯಂತ್ರ ಒಳಗೆ ಗೂಡಿನಲ್ಲಿತ್ತು. ಹೆಂಡತಿ ಬಾವಿಕಟ್ಟೆಯ ಕಲ್ಲಿನ ಮೇಲೆ ಒಗೆಯುತ್ತಿದ್ದವಳು ಥಟ್ಟನೆ ನಿಂತಳು. ನನ್ನ ಕಡೆ ತಿರುಗಿ, ಸಾಬೂನಿನ ಎರಡೂ ಕೈಗಳನ್ನು ತೊಟ್ಟಿಲಂತೆ ಕಟ್ಟಿ ತೂಗಿದಳು. ನಾನು ಎದ್ದು ಒಳಗೆ ಹೋದೆ. ಮೊಮ್ಮಗ ಬಾಯಿ ತೆರೆದು, ಮುಖ ಕೆಂಪು ಮಾಡಿಕೊಂಡು ಕಾಯುತ್ತಿದ್ದ. ಎತ್ತಿ ಎದೆಗೆ ಒತ್ತಿಕೊಂಡು ಅವನ ಬೆನ್ನ ಮೇಲೆ ಅಂಗೈ ಇಟ್ಟೆ. ಪೈಪಿನೊಳಗೆ ಪಂಪು ನಡೆಯುವುದು ತಿಳಿಯುವಂತೆ ಅವನ ಅಳು ನನ್ನ ಅಂಗೈಗೆ ಪೂರ್ತಿ ಬಂತು, ಅದರ ಏರು, ಅದರ ಇಳಿತ, ಬಿಕ್ಕಿ ಬಿಕ್ಕಿ ನಿಂತದ್ದು. ಹಿತ್ತಲ ಬಾಗಿಲಿಗೆ ಬಂದು ನಿಂತು ಹೆಂಡತಿಗೆ ಇಂಜಿನ್ ಕೋಣೆಯ ಹಳೆಯ ಸನ್ನೆ ಮಾಡಿದೆ, ಹೆಬ್ಬೆರಳು ಮೇಲೆ, ಅಂದರೆ ಎಲ್ಲ ಸರಿಯಾಗಿ ನಡೆದಿದೆ. ಅವಳು ಬೆಳ್ಳುಳ್ಳಿಯ ತಟ್ಟೆಯ ಕಡೆ ಬೆರಳು ತೋರಿಸಿ, ಕೋಳಿ ಬರುತ್ತಿದೆ ನೋಡ್ರಿ ಎಂದು ಕೈಬೀಸಿದಳು.